ಡಿಸ್ಚಾರ್ಜ್ ಬೇಕೆಂದವರಿಗೆ

ಎಲ್ಲರಿಗೂ ನಮಸ್ಕಾರ. ಡಾಕ್ಟರ್ ಬೇಡ ಅಂದರೂ ಮನೆಗೆ ಹೋಗಬಹುದಾ ಅಂತ ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಹೋಗಬಹುದು. ಎಚ್ಚರ ಇದ್ದು, ತಿಳಿದು ನಿರ್ಧರಿಸಬಲ್ಲ ವಯಸ್ಕ ರೋಗಿಗೆ ಆ ಹಕ್ಕಿದೆ. ನಿರ್ಧಾರ ರೋಗಿಯದ್ದು, ಮಗ ಅಳಿಯಂದಿರದ್ದಲ್ಲ. ಬಿಲ್ ಜಗಳಕ್ಕೆ ರೋಗಿಯನ್ನು ಹಿಡಿದಿಡುವಂತಿಲ್ಲ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪಟ್ಟಿಯಲ್ಲೂ ಇದೆ. ಹಾಗಂತ ಬಿಲ್ ಮನ್ನಾ ಆಗಲ್ಲ!

ನಮ್ಮ ಚಿಕ್ಕಪ್ಪನಿಗೆ ಒಂದು ಇಂಗ್ಲಿಷ್ ಫಾರಂ ಕೊಟ್ಟು, ‘ಡಾಮಾ, ಸೈನ್ ಮಾಡಿ’ ಅಂದರು (ಡಾಮಾ ಅಂದರೆ ಡಾಕ್ಟರ್ ಸಲಹೆ ಮೀರಿ ಡಿಸ್ಚಾರ್ಜ್ ಆಗುವುದು). ಅಷ್ಟೇ. ಹೋದರೆ ಏನು ಅಪಾಯ ಅಂತ ನಾವೇ ಕೇಳಿದ ಮೇಲೆ ಡಾಕ್ಟರ್ ಬಂದು ಬಿಡಿಸಿ ಹೇಳಿದರು. ಗಡಿಬಿಡಿಯಲ್ಲಿ ಕೈಯಲ್ಲಿದ್ದ ಕ್ಯಾನುಲಾ (ಡ್ರಿಪ್ ಹಾಕಲು ನರಕ್ಕೆ ಚುಚ್ಚಿಡುವ ಸಣ್ಣ ನಳಿಕೆ) ತೆಗೆಯುವುದನ್ನೇ ಮರೆತಿದ್ದರು. ಲಿಫ್ಟ್ ಹತ್ತಿರದಿಂದ ವಾಪಸ್ ಹೋದೆವು.

ಆದ್ದರಿಂದ ಸೈನ್ ಮಾಡುವ ಮೊದಲು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಚೀಟಿ ಬಿಡಬೇಡಿ. ಕೇಸ್ ಪೇಪರಿನ ನಕಲು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಎದೆನೋವು, ತಲೆಗೆ ಪೆಟ್ಟು ಇದ್ದಾಗ ಮಾತ್ರ ಸುಮ್ನೆ ಹಠ ಬೇಡ, ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಿ. ಮನೆಗೆ ಬಂದ ಮೇಲೆ ಜಾಸ್ತಿ ಆದರೆ ಅದೇ ಆಸ್ಪತ್ರೆಗೆ ಹೋಗಲು ಮುಜುಗರ ಪಡಬೇಡಿ. ಸೈನ್ ಮಾಡಿದ್ದೀರಿ ಅಂತ ಎಮರ್ಜೆನ್ಸಿಯಲ್ಲಿ ವಾಪಸ್ ಕಳಿಸುವಂತಿಲ್ಲ.