ಮಂಡಿ ನೋವೆಂದರೆ ಸೊಂಟವನ್ನೂ ನೋಡಿ

ಮಾನ್ಯ ಸಂಪಾದಕರೇ,

10ರಿಂದ 16 ವರ್ಷದೊಳಗಿನ ಮಗು, ಅದರಲ್ಲೂ ತೂಕ ಹೆಚ್ಚಿರುವ ಮಗು, ಮಂಡಿ ನೋವೆಂದು ವಾರಗಟ್ಟಲೆ ಕುಂಟುತ್ತಿದ್ದರೆ ಮಂಡಿಯ ಎಕ್ಸ್‌ರೇ ಮಾತ್ರ ನೋಡಿ ‘ಏನೂ ಇಲ್ಲ’ ಎಂದು ಮಾತ್ರೆ ಕೊಟ್ಟು ಕಳಿಸುವುದು ನಿಲ್ಲಬೇಕು. ತೊಡೆ ಮೂಳೆಯ ಮೇಲ್ತುದಿಯ ಗುಂಡು, ಅದರ ಬುಡದ ಎಳೆಯ ಗ್ರೋತ್ ಪ್ಲೇಟ್‌ನಲ್ಲಿ (ಮೂಳೆ ಬೆಳೆಯುವ ಮೆತ್ತನೆಯ ಪದರದಲ್ಲಿ) ಜಾರುತ್ತಿರಬಹುದು. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಕೆಟ್ಟಿರುವುದು ಮೇಲೆ, ನೋಯುವುದು ಕೆಳಗೆ.

ಹೀಗೆ ಜಾರಿದ್ದರೆ ನಡೆಯುವಾಗ ಆ ಕಾಲಿನ ಪಾದ ಹೊರಕ್ಕೆ ತಿರುಗಿರುತ್ತದೆ. ಅಂಗಾತ ಮಲಗಿಸಿ ಮಂಡಿಯನ್ನು ಮೆಲ್ಲಗೆ ಎದೆಯತ್ತ ಮಡಚಿದರೆ ತೊಡೆ ನೇರ ಬರದೆ ತಾನಾಗಿಯೇ ಹೊರಕ್ಕೆ ವಾಲುತ್ತದೆ. ವೈದ್ಯರು ಇದಿಷ್ಟನ್ನು ನೋಡಲು ಒಂದು ನಿಮಿಷ ಸಾಕು.

ಎಕ್ಸ್‌ರೇಯಲ್ಲಿ ಎರಡೂ ಸೊಂಟ ಬರಬೇಕು, ಮುಂಭಾಗದ್ದರ ಜೊತೆ ಪಕ್ಕದ್ದೂ ಬೇಕು. ಗುಂಡು ಮೊದಲು ಹಿಂದಕ್ಕೆ ಜಾರುವುದರಿಂದ ಮುಂಭಾಗದ ಚಿತ್ರವೊಂದೇ ಮೋಸ ಮಾಡುತ್ತದೆ. ಊರುಗೋಲು ಹಿಡಿದೂ ಹೆಜ್ಜೆ ಇಡಲಾಗದ ಮಗುವಿಗೆ ಮಾತ್ರ ಪಕ್ಕದ ಚಿತ್ರಕ್ಕೆಂದು ಕಾಲು ಅಗಲಿಸುವ ಕಪ್ಪೆ ಭಂಗಿ ಬೇಡ, ಮಲಗಿದಲ್ಲೇ ಅಡ್ಡದಿಂದ ತೆಗೆಯಬೇಕು.

ಜಾರಿದೆ ಎಂದು ಗೊತ್ತಾದ ಕ್ಷಣದಿಂದ ಆ ಮಗು ಒಂದು ಹೆಜ್ಜೆಯನ್ನೂ ಇಡಬಾರದು. ಶೌಚಾಲಯಕ್ಕೂ ವೀಲ್‌ಚೇರ್‌ನಲ್ಲೇ. ‘ಮುಂದಿನ ವಾರ ಬನ್ನಿ’ ಎಂದು ಮನೆಗೆ ನಡೆಸಿ ಕಳಿಸಿದಾಗಲೇ ಅನಾಹುತವಾಗುವುದು: ಸ್ವಲ್ಪ ಜಾರಿದ್ದ ಗುಂಡು ಪೂರ್ತಿ ಕಳಚಿಕೊಂಡರೆ ಅದಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಹರಿದು ಮೂಳೆ ಸಾಯಬಹುದು. ಎಣ್ಣೆ ಹಚ್ಚಿ ನೀವಿ, ಎಳೆದು ‘ಕೂರಿಸುವ’ ಕಟ್ಟಿನವರ ಬಳಿಗೆ ಒಯ್ದರೂ ಇದೇ ಅಪಾಯ. ದಯವಿಟ್ಟು ಒಯ್ಯಬೇಡಿ.

ಸ್ವಲ್ಪ ಜಾರಿದ್ದರೆ ಚಿಕಿತ್ಸೆ ದೊಡ್ಡದಲ್ಲ. ಗುಂಡನ್ನು ಇದ್ದಲ್ಲೇ ಬಿಟ್ಟು, ಎಕ್ಸ್‌ರೇ ನೋಡುತ್ತ ಅದರ ನಡುಮಧ್ಯಕ್ಕೆ ಒಂದು ಸ್ಕ್ರೂ ಹಾಕುತ್ತಾರೆ. ಸ್ಕ್ರೂವಿನ ತುದಿ ಕೀಲಿನೊಳಕ್ಕೆ ಇಣುಕಿದರೆ ಮೃದ್ವಸ್ಥಿ ಸವೆದುಹೋಗುತ್ತದೆ. ಹಾಗಾಗಿ ಟೇಬಲ್ ಮೇಲೆಯೇ ಕಾಲನ್ನು ತಿರುಗಿಸಿ ಎಲ್ಲ ಕೋನಗಳಿಂದ ನೋಡುವುದು ಕಡ್ಡಾಯ. ಆಮೇಲೆ ಸುಮಾರು 6 ವಾರ ಊರುಗೋಲು.

10 ವರ್ಷಕ್ಕಿಂತ ಚಿಕ್ಕ ಮಗುವಿಗೆ ಅಥವಾ ತೆಳ್ಳಗಿರುವ ಮಗುವಿಗೆ ಹೀಗಾದರೆ ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಬೇಕು. ಇನ್ನೊಂದು ಸೊಂಟವೂ ಜಾರಬಹುದು. ಗ್ರೋತ್ ಪ್ಲೇಟ್ ಬೆಸೆಯುವವರೆಗೆ ಕೆಲವು ತಿಂಗಳಿಗೊಮ್ಮೆ ಎಕ್ಸ್‌ರೇ ಬೇಕೇ ಬೇಕು. ನಡುವೆ ಆ ಕಡೆಯ ತೊಡೆಯೋ ಮಂಡಿಯೋ ನೋಯತೊಡಗಿದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಮಗುವನ್ನು ಎತ್ತಿಕೊಂಡು ಬನ್ನಿ.

– ಮಕ್ಕಳ ಮೂಳೆ ವೈದ್ಯರು, ದಾವಣಗೆರೆ