ಪೊನ್ನಪ್ಪ ಮಾವನ ಮೂಸ್ ಬೇಟೆ: ಆಂಕರೇಜ್‌ನಿಂದ ಅಮ್ಮನಿಗೆ

ಅಮ್ಮನಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮ, ಅಲ್ಲೂ ಹಾಗೇ ಅಂದುಕೊಂಡಿದ್ದೇನೆ. ಅಪ್ಪನ ಮಂಡಿ, ಕಾವೇರಿಯ ಪರೀಕ್ಷೆ, ಮೇಲಿನ ತೋಟದ ಬೋರ್‌ವೆಲ್ ವಿಷಯ ಫೋನಿನಲ್ಲಿ ಮಾತಾಡೋಣ. ನಿನ್ನ ಕಾಗದದ ತುಂಬ ಪೊನ್ನಪ್ಪ ಮಾವನೇ ಇರುವುದರಿಂದ ನಾನೂ ಅದಕ್ಕೇ ಬರುತ್ತೇನೆ.

ಎದೆಯಲ್ಲಿ ಎರಡು ಸ್ಟೆಂಟ್ ಇಟ್ಟುಕೊಂಡು, ಅರವತ್ತೇಳನೇ ವಯಸ್ಸಿನಲ್ಲಿ, ಕಾಫಿಗೆ ರೇಟ್ ಬಂತು ಅಂತ ಅಲಾಸ್ಕದ ಕಾಡಿಗೆ ಮೂಸ್ ಅನ್ನುವ ದೈತ್ಯ ಜಿಂಕೆಯ ಬೇಟೆಗೆ ಹೊರಟಿದ್ದಾನೆ, ಬೇಡ ಅಂತ ನೀನೇ ಹೇಳು ಅಂತ ಬರೆದಿದ್ದೀಯ. ಈ ಸೆಪ್ಟೆಂಬರ್‌ಗೆ ಬೇಡ ಅಂತ ಖಂಡಿತ ಹೇಳುತ್ತೇನೆ. ಮುಂದಿನ ಸೆಪ್ಟೆಂಬರ್‌ಗೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ತೆಂಗಿನಕಾಯಿಗೆ ಗುರಿ ಇಡುವುದು ಬಿಟ್ಟರೆ 1972ರ ವನ್ಯಜೀವಿ ಕಾನೂನು ಬಂದ ಮೇಲೆ ಅವರ ಕೋವಿಗೆ ಕೆಲಸವೇ ಇಲ್ಲ. ಇಲ್ಲಿ ಬೇಟೆ ಕಳ್ಳತನವಲ್ಲ. ಸರ್ಕಾರವೇ ಇಂಥ ಜಾಗದಲ್ಲಿ, ಇಂಥ ತಾರೀಖಿನಲ್ಲಿ, ಇಂಥ ಕೊಂಬಿನ ಗಂಡನ್ನು ಮಾತ್ರ ಹೊಡೆಯಬಹುದು ಅಂತ ಲೆಕ್ಕ ಹಾಕಿ ಬಿಡುತ್ತದೆ. ಹೇಗೂ ಒಳ್ಳೆಯ ಗೈಡ್‌ಗಳು ಒಂದೆರಡು ವರ್ಷ ಮೊದಲೇ ಬುಕ್ ಆಗಿರುತ್ತಾರೆ. "ಈ ವರ್ಷ ಜಾಗ ಇಲ್ಲವಂತೆ" ಅಂತ ಹೇಳು, ಸುಳ್ಳೂ ಆಗುವುದಿಲ್ಲ, ಜಗಳವೂ ಆಗುವುದಿಲ್ಲ.

ಮೊದಲು ದುಡ್ಡಿನ ಮಾತು. ಮಾವ ವಾಟ್ಸಾಪಿನಲ್ಲಿ ಎಲ್ಲರಿಗೂ ತೋರಿಸುತ್ತಿರುವ "ಅಗ್ಗದ ಪ್ಯಾಕೇಜ್" ಅವರಿಗೆ ನಡೆಯುವುದೇ ಇಲ್ಲ. ಅದು ಗೈಡ್ ಅಲ್ಲ, ಟ್ರಾನ್ಸ್‌ಪೋರ್ಟರ್: ವಿಮಾನದಲ್ಲಿ ಕಾಡಿನ ಕೆರೆಗೆ ಇಳಿಸಿ ಹತ್ತು ದಿನ ಬಿಟ್ಟು ಕರೆದುಕೊಂಡು ಹೋಗುವವರು. ಅಮೆರಿಕದ ಪ್ರಜೆಯಾದರೆ ಮೂಸ್‌ಗೆ ಹಾಗೆ ಒಬ್ಬನೇ ಹೋಗಬಹುದು. ಹೊರದೇಶದಿಂದ ಬಂದವನಿಗೆ ಅಲಾಸ್ಕದಲ್ಲಿ ಯಾವ ದೊಡ್ಡ ಪ್ರಾಣಿಗೂ ಲೈಸೆನ್ಸ್ ಇರುವ ಗೈಡ್ ಜೊತೆಗಿರಲೇಬೇಕು. ಕಾಂಟ್ರಾಕ್ಟ್ ಬರೆಯುವ ಅಧಿಕಾರ ರಿಜಿಸ್ಟರ್ಡ್ ಗೈಡ್-ಔಟ್‌ಫಿಟರ್‌ಗೆ ಮಾತ್ರ, ಅವರ ಕೈಕೆಳಗಿನ ಅಸಿಸ್ಟೆಂಟ್ ಗೈಡ್‌ಗೆ ಇಲ್ಲ. ಒಬ್ಬ ಗೈಡ್ ಮೂರು ಏರಿಯಾಗಳಿಗಿಂತ ಹೆಚ್ಚಿನ ಕಡೆ ಬೇಟೆ ನಡೆಸುವಂತಿಲ್ಲ. ಆದ್ದರಿಂದ "ಅಲಾಸ್ಕದಲ್ಲಿ ಎಲ್ಲಿ ಬೇಕಾದರೂ ಕರೆದುಕೊಂಡು ಹೋಗುತ್ತೇನೆ" ಅನ್ನುವವನು ಸಿಕ್ಕರೆ ಅಲ್ಲಿಗೇ ಫೋನ್ ಇಡಬೇಕು. ಲೈಸೆನ್ಸ್ ನಂಬರನ್ನು ರಾಜ್ಯದ ವೆಬ್‌ಸೈಟಿನಲ್ಲಿ ನಾನೇ ನೋಡುತ್ತೇನೆ.

ಗೈಡ್ ಜೊತೆಗಿನ ಹತ್ತು ದಿನದ ಮೂಸ್ ಬೇಟೆಗೆ ಈಗ ಇಪ್ಪತ್ತೈದು ಸಾವಿರ ಡಾಲರಿನ ಆಸುಪಾಸು ಅಥವಾ ಅದಕ್ಕೂ ಮೇಲೆ, ಅಂದರೆ ಇಪ್ಪತ್ತು ಲಕ್ಷ ರೂಪಾಯಿ ದಾಟುತ್ತದೆ. ಅದರ ಮೇಲೆ ಹೊರದೇಶದವರ ಲೈಸೆನ್ಸ್ 630 ಡಾಲರ್, ಮೂಸ್ ಟ್ಯಾಗ್ 1000 ಡಾಲರ್. ಪ್ರಾಣಿ ಸಿಗದಿದ್ದರೂ ಇದ್ಯಾವುದೂ ವಾಪಸ್ ಬರುವುದಿಲ್ಲ. ಅರ್ಧ ದುಡ್ಡು ಬುಕ್ ಮಾಡುವಾಗಲೇ ಕಟ್ಟಬೇಕು. ಆ ಅಡ್ವಾನ್ಸ್, ಬೇಟೆಗಾರನಿಗೆ ಕಾಯಿಲೆಯಾದರೆ ಮುಂದಿನ ವರ್ಷಕ್ಕೆ ಹೋಗುತ್ತದೋ ಮುಳುಗುತ್ತದೋ ಅಂತ ಬರವಣಿಗೆಯಲ್ಲಿ ಇರಬೇಕು. ಮಾವನ ವಿಷಯದಲ್ಲಿ ಇಡೀ ಕಾಂಟ್ರಾಕ್ಟಿನ ಮುಖ್ಯ ಸಾಲು ಅದೇ, ಅದಿಲ್ಲದೆ ಒಂದು ಪೈಸೆಯೂ ಕಟ್ಟಬಾರದು. ಊರಿನಿಂದ ವರ್ಷಕ್ಕೆ 10 ಲಕ್ಷ ದಾಟಿ ಹೊರಗೆ ಕಳಿಸಿದರೆ ಬ್ಯಾಂಕಿನವರು ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ರಿಟರ್ನ್ ಹಾಕಿದಾಗ ಸರಿಹೊಂದುತ್ತದೆ, ಆದರೆ ಅಲ್ಲಿವರೆಗೆ ದುಡ್ಡು ಸಿಕ್ಕಿಕೊಂಡಿರುತ್ತದೆ. ಎರಡು ಹಣಕಾಸು ವರ್ಷಕ್ಕೆ ಹಂಚಿ ಕಳಿಸಲಿ. ಸೀತಮ್ಮತ್ತೆಯ ಚಿನ್ನ ಅಡ ಇಡುವ ಮಾತು ಬಂದರೆ ಮಾತ್ರ ನನಗೆ ತಕ್ಷಣ ತಿಳಿಸು.

ಕರಡಿ ಕರಡಿ ಅಂತ ನೀನು ಎರಡು ಸಲ ಅಡಿಗೆರೆ ಹಾಕಿದ್ದೀಯ. ಕರಡಿಗೆ ಇಲ್ಲಿ ಪದ್ಧತಿ ಇದೆ. ಮೂಸ್ ಕೊಯ್ದ ಮೇಲೆ ಕರುಳಿನ ರಾಶಿಯಿಂದ ಮಾಂಸವನ್ನು ಆದಷ್ಟು ದೂರಕ್ಕೆ, ದೂರದಿಂದಲೇ ಕಾಣುವ ಬಯಲಿಗೆ ಸಾಗಿಸುತ್ತಾರೆ. ಮರುದಿನ ಹತ್ತಿರ ಹೋಗುವ ಮೊದಲು ದುರ್ಬೀನಿನಲ್ಲಿ ನೋಡಿ, ಗದ್ದಲ ಮಾಡಿಕೊಂಡು, ಗಾಳಿಯ ದಿಕ್ಕು ನೋಡಿ ಹೋಗುತ್ತಾರೆ. ಟೆಂಟಿಗೂ ಮಾಂಸಕ್ಕೂ ಬ್ಯಾಟರಿಯ ಕರೆಂಟ್ ಬೇಲಿ, ನಮ್ಮಲ್ಲಿ ಆನೆಗೆ ಹಾಕುವುದರ ಪುಟ್ಟ ತಮ್ಮ. ಗೈಡ್ ಕೈಯಲ್ಲಿ ಯಾವಾಗಲೂ ರೈಫಲ್ ಇರುತ್ತದೆ. ನೀನು ಕರಡಿಯ ಚಿಂತೆ ಪೂರ್ತಿ ಬಿಡು.

ಚಿಂತೆ ಮಾಡಬೇಕಾದ್ದು ಹವಾಮಾನಕ್ಕೆ. ಅದಕ್ಕೇ ಈ ಕಾಗದ ಉದ್ದವಾಗುತ್ತಿದೆ.

ಮೂಸ್ ಇರುವ ಒಳನಾಡಿನ ಹೆಚ್ಚಿನ ಕಡೆಗೆ ರಸ್ತೆಯೇ ಇಲ್ಲ. ಮಾವ ನೋಡಿರುವ ಮೆಗ್ರಾತ್ ಕಡೆಯದನ್ನೇ ತೆಗೆದುಕೋ. ಆಂಕರೇಜ್‌ನಿಂದ ವಾಯವ್ಯಕ್ಕೆ ಸುಮಾರು 350 ಕಿಲೋಮೀಟರ್, ಕುಸ್ಕೋಕ್ವಿಮ್ ನದಿಯ ದಡದ ಸಣ್ಣ ಊರು. ಅಲ್ಲಿಗೆ ಟಿಕೆಟ್ ವಿಮಾನ ಇದೆ, ಒಂದು ಕ್ಲಿನಿಕ್ ಇದೆ. ಅಲ್ಲಿಂದ ಕ್ಯಾಂಪಿಗೆ ನೀರಿನ ಮೇಲೆ ಇಳಿಯುವ ಬೀವರ್ ವಿಮಾನ, ಅಥವಾ ಲಾರಿ ಟ್ಯೂಬಿನಷ್ಟು ದಪ್ಪ ಚಕ್ರದ ಸೂಪರ್ ಕಬ್. ಸೂಪರ್ ಕಬ್‌ನಲ್ಲಿ ಪೈಲಟ್ ಹಿಂದೆ ಒಂದೇ ಒಂದು ಸೀಟು. ಹತ್ತುವ ಮೊದಲು ಸಾಮಾನಿನ ಜೊತೆ ಮನುಷ್ಯರನ್ನೂ ತಕ್ಕಡಿಗೆ ನಿಲ್ಲಿಸುತ್ತಾರೆ, ಹೆಂಗಸರು ಗಂಡಸರು ಅಂತ ನಾಚಿಕೆಯಿಲ್ಲ. ನಾನು ಕೆಲಸ ಮಾಡುವ ಈ ಏರ್ ಟ್ಯಾಕ್ಸಿಯವರ, ಅಂದರೆ ಸಣ್ಣ ಬಾಡಿಗೆ ವಿಮಾನದವರ, ಕೌಂಟರಿನಲ್ಲಿ ಬರೆದುಕೊಳ್ಳುವುದೂ ಆ ತೂಕವನ್ನೇ. ಒಬ್ಬರಿಗೆ 50 ಪೌಂಡ್, ಅಂದರೆ ಇಪ್ಪತ್ಮೂರು ಕಿಲೋಗಿಂತ ಕಡಿಮೆ ಸಾಮಾನು, ಅದೂ ಮಡಚುವ ಮೆತ್ತನೆ ಚೀಲದಲ್ಲಿ. ಮಾವನ ಸ್ಯಾಮ್ಸೊನೈಟ್ ಪೆಟ್ಟಿಗೆ ಆ ವಿಮಾನದ ಹೊಟ್ಟೆಯೊಳಗೆ ತೂರುವುದೇ ಇಲ್ಲ.

ಸೆಪ್ಟೆಂಬರಿನಲ್ಲಿ ಮೋಡ ನೆಲಕ್ಕೆ ಕೂತರೆ ಈ ವಿಮಾನಗಳು ಹಾರುವುದಿಲ್ಲ. ಪೈಲಟ್ ಕಣ್ಣಿಗೆ ಬೆಟ್ಟದ ಕಣಿವೆ ಕಾಣಬೇಕು, ಅಷ್ಟೆ. ಒಂದು ದಿನ ತಡವಾಗಬಹುದು, ಮೂರು ದಿನವೂ ಆಗಬಹುದು. ಎಲ್ಲರ ಕೈಯಲ್ಲೂ ಸ್ಯಾಟಲೈಟ್ ಮೆಸೆಂಜರ್ ಇರುತ್ತದೆ, ಗುಂಡಿ ಒತ್ತಿದರೆ ಸುದ್ದಿ ಹೋಗುತ್ತದೆ, ನಿಜ. ಆದರೆ ಸುದ್ದಿ ಹೋದ ಕೂಡಲೇ ವಿಮಾನ ಬರುತ್ತದೆ ಅಂತ ಅರ್ಥವಲ್ಲ. ಎದೆನೋವು ಬಂದವನನ್ನು ಕ್ಯಾಂಪಿನಿಂದ ಮೆಗ್ರಾತ್‌ಗೆ, ಅಲ್ಲಿಂದ ಏರ್ ಆಂಬುಲೆನ್ಸಿನಲ್ಲಿ ಆಂಕರೇಜಿನ ದೊಡ್ಡ ಆಸ್ಪತ್ರೆಗೆ ತರಬೇಕು. ಒಳ್ಳೆಯ ಬಿಸಿಲಿದ್ದರೂ ಅರ್ಧ ದಿನದ ಮಾತು.

ಅದಕ್ಕೇ ಮಾವನಿಗೆ ಸ್ಪೈಕ್ ಕ್ಯಾಂಪ್ ಬೇಡ. ಅಂದರೆ ಗುಡ್ಡದ ಮೇಲೆ ಸಣ್ಣ ಟೆಂಟ್ ಹೊತ್ತುಕೊಂಡು ದಿನಾ ನಡೆಯುವ ಬೇಟೆ. ಇಲ್ಲಿಯ ನೆಲ ನೋಡಿದರೆ ಹಸಿರು ಹುಲ್ಲುಗಾವಲು, ಕಾಲಿಟ್ಟರೆ ಟಸಕ್: ಕುಂಬಳಕಾಯಿ ಗಾತ್ರದ ಹುಲ್ಲಿನ ಗುಪ್ಪೆಗಳು, ಸುತ್ತ ಮೊಣಕಾಲುದ್ದ ನೀರು. ಗುಪ್ಪೆಯ ಮೇಲಿಟ್ಟ ಪಾದ ಪಕ್ಕಕ್ಕೆ ವಾಲುತ್ತದೆ, ಕೆಳಗಿಟ್ಟದ್ದು ಕೆಸರಿನಲ್ಲಿ ಹೂತುಹೋಗುತ್ತದೆ. ಒಂದು ಮೈಲಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಗಟ್ಟಿ ಹುಡುಗರಿಗೂ ಏದುಸಿರು. ಮಾವನಿಗೆ ಬೇಕಾದ್ದು ನದಿಯ ಬೇಟೆ: ಒಲೆ ಇರುವ ಮರದ ಕ್ಯಾಬಿನ್ ಅಥವಾ ದಪ್ಪ ಗೋಡೆಯ ದೊಡ್ಡ ಟೆಂಟ್, ಬೆಳಗ್ಗೆ ಸಂಜೆ ಜೆಟ್ ಬೋಟಿನಲ್ಲಿ ಹೋಗಿ ದಡದ ಹತ್ತಿರ ಕೂತು ಮೂಸ್ ಬರಲಿ ಅಂತ ಕೂಗುವುದು. ಬುಕ್ ಮಾಡುವ ಮೊದಲು ಗೈಡ್‌ಗೆ ಕೇಳಬೇಕಾದ್ದು ಇಷ್ಟು: ದಿನಕ್ಕೆ ಎಷ್ಟು ನಡಿಗೆ, ಕ್ಯಾಬಿನ್‌ನಿಂದ ವಿಮಾನ ಇಳಿಯುವ ನೀರಿಗೆ ಎಷ್ಟು ದೂರ, ಕ್ಯಾಂಪಿನಲ್ಲಿ ಪ್ರಥಮ ಚಿಕಿತ್ಸೆ ಕಲಿತವರು ಯಾರು. ಸ್ಟೆಂಟ್ ವಿಷಯ ಮುಚ್ಚಿಟ್ಟು ಬರುವ ಯೋಚನೆ ಮಾವನಿಗೆ ಇದ್ದೇ ಇರುತ್ತದೆ. ಅದನ್ನು ಮೊದಲ ಮೇಲ್‌ನಲ್ಲಿಯೇ ನಾನು ಗೈಡ್‌ಗೆ ಬರೆದುಬಿಡುತ್ತೇನೆ, ಬೈದರೆ ಬೈಯಲಿ.

ಬೇಟೆಯ ಕ್ರಮ ಮಾವನಿಗೆ ಓದಿ ಹೇಳು. ಸೀಸನ್ ಬೇಟೆಯ ವಲಯವಾದ ಯುನಿಟ್‌ಗೆ ಒಂದೊಂದು, ಹೆಚ್ಚಿನೆಡೆ ಸೆಪ್ಟೆಂಬರ್ ಮೊದಲ ವಾರದಿಂದ 20 ಅಥವಾ 25ರವರೆಗೆ. ಬೆದೆ ಏರುವುದು ತಿಂಗಳ ಕೊನೆಗೆ, ಆದ್ದರಿಂದ ಸೀಸನ್ನಿನ ಕೊನೆಯ ಹತ್ತು ದಿನವೇ ಒಳ್ಳೆಯದು. ಸೆಕೆ ಇದ್ದರೆ ಗಂಡು ಹಗಲಿನಲ್ಲಿ ಅಲುಗಾಡುವುದಿಲ್ಲ. ಸಣ್ಣ ವಿಮಾನದಲ್ಲಿ ಇಳಿದ ದಿನ ಹೊಡೆಯುವಂತಿಲ್ಲ, ಮರುದಿನ ಬೆಳಗಿನ ಜಾವ ಮೂರರ ಮೇಲೆ ಮಾತ್ರ. ಗೈಡ್ ಹೆಣ್ಣು ಮೂಸ್‌ನ ಹಾಗೆ ನೀಳವಾಗಿ ನರಳುತ್ತಾನೆ, ಆಮೇಲೆ ಒಣ ಎಲುಬನ್ನು ವಿಲ್ಲೋ ಪೊದೆಗೆ ಉಜ್ಜುತ್ತಾನೆ. ಇನ್ನೊಂದು ಗಂಡು ಕೊಂಬು ತಿಕ್ಕುತ್ತಿದೆ ಅಂತ ತಿಳಿದು ಇದು ಬರುತ್ತದೆ. ಗಂಟೆ ಕಳೆದು ಬರಬಹುದು, ಮರುದಿನವೂ ಬರಬಹುದು, ಆದ್ದರಿಂದ ಕೂಗಿದ ಜಾಗ ಬಿಟ್ಟು ಅಲೆಯಬಾರದು. ಎದೆ ಸರಿಯಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬೇಟೆ ಇಲ್ಲ, ಬರೀ ಕೂರುವುದು!

ಎದುರಿಗೆ ಬಂದ ಕೂಡಲೇ ಹೊಡೆಯುವ ಹಾಗಿಲ್ಲ. ಹೊರಗಿನವರಿಗೆ ಕೊಂಬಿನ ಅಗಲ 50 ಇಂಚು ಇರಬೇಕು, ಅಥವಾ ಒಂದು ಬದಿಯಲ್ಲಾದರೂ ಹಣೆಯ ಕವಲು ನಾಲ್ಕು ಇರಬೇಕು. ಕೆಲವು ಯುನಿಟ್‌ಗಳಲ್ಲಿ ಮೂರು. ಅಗಲವನ್ನು ಕಣ್ಣಂದಾಜಿನಲ್ಲಿ ನಂಬಬಾರದು, ಎಳೆಯ ಪ್ರಾಣಿಯ ತಲೆ ಚಿಕ್ಕದಿದ್ದರೆ ಕೊಂಬು ದೊಡ್ಡದಾಗಿ ಕಾಣುತ್ತದೆ. ಕವಲು ಎಣಿಸುವುದೇ ಭದ್ರ. ಒಂದು ಇಂಚಾದರೂ ಉದ್ದವಿದ್ದು, ಅಗಲಕ್ಕಿಂತ ಉದ್ದ ಹೆಚ್ಚಿದ್ದರೆ ಮಾತ್ರ ಅದು ಕವಲು. 49 ಇಂಚು ಬಂದರೆ ಗೈಡ್‌ಗೂ ಬೇಟೆಗಾರನಿಗೂ ಕೇಸು. ಗೈಡ್ "ಹೊಡಿ" ಅನ್ನುವ ತನಕ ಮಾವ ಕೈ ಕಟ್ಟಿ ಕೂರಬೇಕು, ಇದನ್ನು ಅಭ್ಯಾಸ ಮಾಡಿಸುವುದು ಸೀತಮ್ಮತ್ತೆಯ ಕೆಲಸ.

ಮಾವನ ಜೋಡಿ ನಳಿಗೆ ಕೋವಿ ಊರಿನಲ್ಲೇ ಇರಲಿ. ಲೈಸೆನ್ಸ್ ಇಲ್ಲದೆ ಕೋವಿ ಇಡುವ ಕೊಡಗಿನ ವಿನಾಯಿತಿ ಪತ್ರ ಇಲ್ಲಿ ನಡೆಯುವುದಿಲ್ಲ, ಬಂದೂಕು ತರಲು ಅಮೆರಿಕದ ಬಂದೂಕು ಇಲಾಖೆ ಎಟಿಎಫ್‌ನವರ 6-ಎನ್‌ಐಎ ಫಾರಂ ತುಂಬಿ ವಾರಗಟ್ಟಲೆ ಕಾಯಬೇಕು. ಗೈಡ್‌ನ ರೈಫಲ್ ಬಳಸಲಿ. ಆದರೆ ಪ್ರವಾಸಿ ವೀಸಾದವನು ಬಂದೂಕು ಮುಟ್ಟಬೇಕಾದರೂ ಬೇಟೆ ಲೈಸೆನ್ಸ್ ಜೇಬಿನಲ್ಲಿರಬೇಕು, ಹಾಗಾಗಿ ಅದನ್ನು ಬಂದಿಳಿದ ದಿನವೇ ತೆಗೆಸುತ್ತೇನೆ. ಮರುದಿನ ರ‍್ಯಾಬಿಟ್ ಕ್ರೀಕ್ ರೇಂಜಿನಲ್ಲಿ ಅಭ್ಯಾಸ. ಪಾಯಿಂಟ್ 338 ರೈಫಲ್ಲೇ ಬೇಕು ಅಂತ ಹಟ ಹಿಡಿದರೆ ಒಪ್ಪಬೇಡ, ಭುಜಕ್ಕೆ ಒದೆಯುತ್ತದೆ, ಎರಡನೇ ಗುಂಡಿಗೆ ಕಣ್ಣು ಮುಚ್ಚುವಂತಾಗುತ್ತದೆ. ಪಾಯಿಂಟ್ 30-06, 180 ಗ್ರೇನ್ ಗುಂಡು ಸಾಕು. ಭುಜದ ಹಿಂದೆ ಶ್ವಾಸಕೋಶಕ್ಕೆ ಹೊಡೆದರೂ ಮೂಸ್ ಏನೂ ಆಗದವರ ಹಾಗೆ ನಿಂತಿರುತ್ತದೆ, ಬೀಳುವ ತನಕ ಮತ್ತೆ ಹೊಡೆಯಬೇಕು. ನೀರಿನಲ್ಲಿ ನಿಂತಿದ್ದರೆ ಹೊಡೆಯಲೇಬಾರದು. ದೊಡ್ಡ ಗಂಡು 550ರಿಂದ 700 ಕಿಲೋ, ನಮ್ಮ ದೊಡ್ಡ ಕಡವೆ ಎರಡು ಸೇರಿದರೂ ಸಾಲದು. ಕೆರೆಯಲ್ಲಿ ಬಿದ್ದರೆ ನಾಲ್ಕು ಜನ ಹಗ್ಗ ಹಾಕಿ ಎಳೆದರೂ ದಡಕ್ಕೆ ಬರುವುದಿಲ್ಲ. ಗಾಯವಾಗಿ ತಪ್ಪಿಸಿಕೊಂಡರೂ ಹೆಚ್ಚಿನ ಕಾಂಟ್ರಾಕ್ಟ್‌ಗಳಲ್ಲಿ ಬೇಟೆ ಮುಗಿದ ಲೆಕ್ಕವೇ.

ಆಮೇಲೆಯೇ ನಿಜವಾದ ದುಡಿಮೆ. ಮೂಸ್ ಬಿದ್ದ ಮೇಲೆ ಚರ್ಮ ತಕ್ಷಣ ಬಿಚ್ಚಬೇಕು, ಅಷ್ಟು ದಪ್ಪ ಮೈಯಲ್ಲಿ ಶಾಖ ಉಳಿದರೆ ತೊಡೆಯ ಮೂಳೆಯ ಪಕ್ಕದಿಂದ ಮಾಂಸ ಹುಳಿಯುತ್ತದೆ, ಚಳಿ ಇದ್ದರೂ. ಒಂದೊಂದು ಹಿಂದೊಡೆ ಮೂಳೆ ಸಮೇತ 50 ಕಿಲೋ ದಾಟುತ್ತದೆ, ಅದನ್ನು ಹೊರುವವರು ಪ್ಯಾಕರ್ ಹುಡುಗರು. ಮಾವ ಹೊರುವಂತಿಲ್ಲ, ಕಾಂಟ್ರಾಕ್ಟಿನಲ್ಲಿ ಹಾಗೇ ಬರೆಸುತ್ತೇನೆ. ಗಾಳಿಯಾಡುವ ಬಟ್ಟೆ ಚೀಲಕ್ಕೆ ತುಂಬಿ, ನೆಲ ಮುಟ್ಟದ ಹಾಗೆ ಕಂಬಕ್ಕೆ ತೂಗಿ, ಮಳೆ ಬೀಳದಂತೆ ಮೇಲೆ ಟಾರ್ಪಾಲು. ಪಕ್ಕ ಮುಚ್ಚಬಾರದು, ಪ್ಲಾಸ್ಟಿಕ್ ಚೀಲ ಕೂಡದು. ಹೊರಗೆ ಒಣ ಪದರ ಕಟ್ಟಿದರೆ ನೊಣ ಕೂರುವುದಿಲ್ಲ. ಕುತ್ತಿಗೆ, ಪಕ್ಕೆಲುಬಿನ ನಡುವಿನದು, ಎದೆ, ಎಲ್ಲವನ್ನೂ ತರಬೇಕು. ಬಿಟ್ಟು ಬಂದರೆ ಜೈಲು. ಮಾಂಸ ಪೂರ್ತಿ ಹೊರಗೆ ಬರುವ ಮೊದಲು ಕೊಂಬು ಸಾಗಿಸಿದರೂ ತಪ್ಪು. ಊರಿನಲ್ಲಿ ಬೇಟೆ ಪಾಲು ಹಂಚುವಾಗ ಆಗುವ ಜಗಳ ನೆನೆದರೆ ಇಲ್ಲಿಯ ಶಿಸ್ತು ಎಷ್ಟೋ ವಾಸಿ. ಸುಮಾರು 225 ಕಿಲೋ ಮಾಂಸ ಸಿಗುತ್ತದೆ, ಮಾವ ಊರಿಗೆ ಒಂದು ತುಂಡೂ ತರಲಾಗದು. ಫಾರಂ ಬರೆದು ನದಿ ದಡದ ಹಳ್ಳಿಯವರಿಗೆ ಕೊಡಬಹುದು, ಅವರಿಗೆ ಅದು ಚಳಿಗಾಲದ ದಾಸ್ತಾನು. ಬೆನ್ನಿನ ತುಂಡು ಮಾತ್ರ ನಮ್ಮ ಮನೆಗೆ. ಮಾವನ ಕೈಯಲ್ಲಿ ಒಂದು ಬಾಟಲಿ ಕಾಚಂಪುಳಿ ಕಳಿಸು, ಚೆಕ್-ಇನ್ ಚೀಲದಲ್ಲಿ.

ಈಗ ಅಲ್ಲಿ ಆಗಬೇಕಾದ್ದು. ಸ್ಟೆಂಟ್ ಹಾಕಿದ್ದು ಕಳೆದ ಪುತ್ತರಿಯ ಹೊತ್ತಿಗೆ, ರಕ್ತ ತೆಳು ಮಾಡುವ ಎರಡೂ ಮಾತ್ರೆ ಇನ್ನೂ ನಡೆಯುತ್ತಿವೆ. ಆ ಸ್ಥಿತಿಯಲ್ಲಿ ಚಾಕು ಕೈಗೆ ತಗಲಿದರೂ ರಕ್ತ ನಿಲ್ಲಲು ತಡ. ವರ್ಷ ತುಂಬಿದ ಮೇಲೆ ಮೈಸೂರಿನ ಡಾಕ್ಟರ ಹತ್ತಿರ ಟ್ರೆಡ್‌ಮಿಲ್ ಟೆಸ್ಟ್, ಎಕೋ ಆಗಲಿ, "ಆಸ್ಪತ್ರೆಯಿಂದ ಒಂದು ದಿನ ದೂರ ಇರುತ್ತಾನೆ" ಅಂತ ಡಾಕ್ಟರಿಗೆ ನೇರ ಹೇಳಿ ಕೇಳಬೇಕು. ಬರೀ "ಅಮೆರಿಕಕ್ಕೆ ಹೋಗಬಹುದಾ" ಅಂದರೆ ಯಾವ ಡಾಕ್ಟರೂ ಹೂಂ ಅನ್ನುತ್ತಾರೆ. ಮಾತ್ರೆ ಎರಡು ಸೆಟ್, ಒಂದು ಮಾವನ ಅಂಗಿ ಜೇಬಿನಲ್ಲಿ, ಒಂದು ಗೈಡ್ ಹತ್ತಿರ, ಎರಡಕ್ಕೂ ನೀರು ಹೋಗದ ಡಬ್ಬಿ. ಎದೆನೋವಿಗೆ ನಾಲಿಗೆ ಅಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ ಬೇರೆಯಾಗಿ. ಆಗ ಇಲ್ಲಿಯ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಹಿಂದೆ, ಮಾತ್ರೆಯ ಹೊತ್ತು ಬರೆದು ಕೊಡಲು ಡಾಕ್ಟರಿಗೇ ಹೇಳು. ಟ್ರಾವೆಲ್ ಇನ್ಶೂರೆನ್ಸಿನಲ್ಲಿ ಹಳೇ ಕಾಯಿಲೆ ಸೇರಿದೆಯಾ ನೋಡಬೇಕು, ಸಾಮಾನ್ಯವಾಗಿ ಇರುವುದಿಲ್ಲ. ಕಾಡಿನಿಂದ ಎತ್ತಿ ತರುವ ಇವ್ಯಾಕ್ಯುಯೇಶನ್ ಮೆಂಬರ್‌ಶಿಪ್ ಬೇರೆಯೇ ಕೊಳ್ಳಬೇಕು, ಅದನ್ನು ನಾನು ಕಟ್ಟುತ್ತೇನೆ, ಮಾವನಿಗೆ ಹೇಳಬೇಡ. ವಾಪಸ್ ಟಿಕೆಟ್ ಬೇಟೆ ಮುಗಿದು ನಾಲ್ಕು ದಿನ ಬಿಟ್ಟು ಇರಲಿ. ಟಿಕೆಟಿನ ತಾರೀಖು ಹತ್ತಿರ ಬಂತು ಅಂತ ಪೈಲಟ್‌ಗೆ ಒತ್ತಡ ಹಾಕುವಾಗಲೇ ಇಲ್ಲಿ ಅನಾಹುತ ಆಗುವುದು.

ದಿನಾ ಬೆಳಗ್ಗೆ ತೋಟದ ಏರು ಹತ್ತಲಿ, ಗಮ್‌ಬೂಟ್ ಹಾಕಿಕೊಂಡು, ಐದು ಕಿಲೋ ಚೀಲ ಹೊತ್ತು. ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ ನನಗೆ ತಿಳಿಸು, ಆಗ ಮಾತು ಮುಗಿಯಿತು, ಅಡ್ವಾನ್ಸೂ ಇಲ್ಲ ಮೂಸೂ ಇಲ್ಲ. ಇಲ್ಲಿ ಜಿಗಣೆ ಕಾಟ ಇಲ್ಲ, ಸೊಳ್ಳೆ ಸೆಪ್ಟೆಂಬರ್‌ಗೆ ಕಡಿಮೆ, ಚಳಿಗೆ ಉಣ್ಣೆ ಬಟ್ಟೆ ನಾನೇ ಕೊಡಿಸುತ್ತೇನೆ. ಹತ್ತಿಯ ಬನಿಯನ್ ಮಾತ್ರ ತರಬೇಡಿ, ಒದ್ದೆಯಾದರೆ ಒಣಗುವುದಿಲ್ಲ. ಎಲ್ಲ ಸರಿಯಾಗುತ್ತದೆ, ಚಿಂತೆ ಬೇಡ, ಒಂದಿಷ್ಟೂ ಬೇಡ. ಸಕ್ಕರೆ ಟೆಸ್ಟ್ ನೀನೂ ಮಾಡಿಸಿಕೋ.

ಅಂಚೆ ಎತ್ತುವ ಹೊತ್ತಾಯಿತು. ಮಾವನ ಡಿಸ್ಚಾರ್ಜ್ ಸಮ್ಮರಿ, ಪಾಸ್‌ಪೋರ್ಟಿನ ಮೊದಲ ಪುಟ ಎರಡನ್ನೂ ಫೋಟೋ ತೆಗೆದು ಈ ವಾರವೇ ಕಳಿಸು, ವೀಸಾ ಸ್ಲಾಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಮಗ,
ಸೋಮಣ್ಣ