ಅಮ್ಮನ ಎಡಗೈ ಬಾವಿನ ವಿಷಯ

ಒಸಾಕಾ

ಅಕ್ಕನಿಗೆ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ. ನಿನ್ನ ಪತ್ರ ಓದಿದಾಗಿನಿಂದ ಅಮ್ಮನ ಕೈಯೊಂದೇ ತಲೆಯಲ್ಲಿದೆ.

ಓಣಿಯವರು ಆನೆಕಾಲು ಅಂದರಂತೆ. ಕಲಬುರಗಿ ಕಡೆ ಅದು ಇರುವುದು ನಿಜ, ಅದಕ್ಕೇ ಕೈಕಾಲು ಬಾತರೆ ಎಲ್ಲರಿಗೂ ಅದೇ ನೆನಪು. ಆದರೆ ಅಮ್ಮನಿಗೆ ಎದೆಯ ಕ್ಯಾನ್ಸರ್ ಆಪರೇಷನ್ನಿನಲ್ಲಿ ಕಂಕುಳ ದುಗ್ಧಗ್ರಂಥಿಗಳನ್ನು (ಲಿಂಫ್ ಗಂಟುಗಳನ್ನು) ತೆಗೆದು, ಮೇಲೆ ರೇಡಿಯೇಷನ್ನೂ ಕೊಟ್ಟಿದ್ದಾರೆ. ಕೈಯ ನೀರು ಮೇಲೇರುವ ದಾರಿ ಅಲ್ಲೇ ಕಟ್ಟಿರಬೇಕು. ಹಾಗಂತ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಬಿಡಬೇಡ. ರಕ್ತನಾಳದಲ್ಲಿ ಹೆಪ್ಪುಗಟ್ಟಿಲ್ಲ, ಕಂಕುಳಲ್ಲಿ ಹೊಸ ಗಂಟಿಲ್ಲ ಎಂದು ಮೊದಲು ಖಚಿತವಾಗಲಿ. ಕೈ ಕೆಂಪಾಗಿ ಜ್ವರ ಬಂದರೆ ಸೋಂಕು. ಸ್ಕ್ಯಾನ್ ಆಮೇಲಾಗಲಿ, ಆ ದಿನವೇ ಡಾಕ್ಟರ ಹತ್ತಿರ ಓಡು.

ಅಮ್ಮ ಹೆದರಿರುವ 'ವಿಕಿರಣದ ಸೂಜಿ' ಲಿಂಫೋಸಿಂಟಿಗ್ರಫಿ, ಕೈಯ ನೀರು ಮೇಲೇರುವ ದಾರಿ ತೋರಿಸುವ ಸ್ಕ್ಯಾನ್. ಬೆರಳ ಸಂದಿಯ ಚರ್ಮದಡಿ ವಿಕಿರಣ ಸೂಸುವ ಟೆಕ್ನೀಷಿಯಂ ಬೆರೆತ ಔಷಧ ಒಂದೆರಡು ಹನಿ ಹಾಕುತ್ತಾರೆ, ಎರಡೂ ಕೈಗೆ. ಒಳ್ಳೆಯ ಕೈಯ ಪಕ್ಕ ಇಟ್ಟು ನೋಡಿದರೇ ಬಾತ ಕೈಯ ಲೆಕ್ಕ ಸಿಗುವುದು. ಕೆಲವು ಸೆಕೆಂಡು ಚುರ್ರೆನ್ನುತ್ತದೆ. ಟೆಕ್ನೀಷಿಯಂ 6 ಗಂಟೆಗೊಮ್ಮೆ ಅರ್ಧವಾಗುತ್ತದೆ, ಮರುದಿನಕ್ಕೆ ಹದಿನಾರರಲ್ಲೊಂದು ಪಾಲು ಉಳಿದರೆ ಹೆಚ್ಚು. ಸೂಜಿ ಹಾಕಿದ ಮೇಲೆ ಮುಷ್ಟಿ ಕಟ್ಟಿ ಬಿಚ್ಚುತ್ತಿರಲು ಹೇಳಿದರೆ ಅಮ್ಮ ತಪ್ಪದೆ ಮಾಡಲಿ, ಕೈ ಸುಮ್ಮನಿದ್ದರೆ ಔಷಧ ಮೇಲೇರುವುದು ತಡ. ಒಂದು ಹನಿ ಚರ್ಮದ ಮೇಲೆ ಬಿದ್ದರೂ ಚಿತ್ರದಲ್ಲಿ ಗ್ರಂಥಿಯಂತೆ ಹೊಳೆದು ಮೋಸ ಮಾಡುತ್ತದೆ. ಸೀರೆ ಸೆರಗಿಗೂ ತಾಗದಿರಲಿ. ಒಂದೆರಡು ಗಂಟೆ ಬಿಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ, ಊಟ ಕಟ್ಟಿಕೊಂಡು ಹೋಗಿ.

ರಿಪೋರ್ಟಿನಲ್ಲಿ ಎರಡು ಸಾಲು ಹುಡುಕು. ಕಂಕುಳ ಗ್ರಂಥಿ ಕಂಡಿದೆಯೇ, ಎಷ್ಟು ಹೊತ್ತಿಗೆ? 'ಡರ್ಮಲ್ ಬ್ಯಾಕ್‌ಫ್ಲೋ' ಎಲ್ಲಿಯವರೆಗಿದೆ? ಅಂದರೆ ದಾರಿ ಸಿಗದ ನೀರು ಚರ್ಮಕ್ಕೆ ಹಿಂದೆ ನುಗ್ಗಿದ್ದು. ತೋಳಿಗಷ್ಟೇ ಇದ್ದರೆ ಒಂದು ಮಾತು, ಮುಂಗೈವರೆಗೆ ಇಳಿದಿದ್ದರೆ ತೀವ್ರತೆ ಹೆಚ್ಚು.

ಇಲ್ಲಿ ಜಪಾನಿನಲ್ಲಿ ಇದೇ ದಾರಿ ನೋಡಲು ಐಸಿಜಿ ಎಂಬ ಹಸಿರು ಬಣ್ಣ ಚುಚ್ಚಿ, ದೀಪ ಆರಿಸಿ, ಇನ್ಫ್ರಾರೆಡ್ ಕ್ಯಾಮೆರಾ ಹಿಡಿಯುತ್ತಾರೆ. ನಾಳ ಚೆನ್ನಾಗಿದ್ದರೆ ತೋಳುದ್ದಕ್ಕೂ ನೇರ ಗೆರೆ ಹೊಳೆಯುತ್ತದೆ, ಪೆನ್ನಿನಲ್ಲಿ ಚರ್ಮದ ಮೇಲೇ ಅದನ್ನು ಬರೆದುಕೊಳ್ಳುತ್ತಾರೆ. ಕೆಟ್ಟಂತೆಲ್ಲ ಗೆರೆ ಚಿಮ್ಮಿದ ನೀರಿನಂತೆ, ಆಮೇಲೆ ಚುಕ್ಕಿ ಚೆಲ್ಲಿದಂತೆ, ಕೊನೆಗೆ ಬರೀ ಮಂಜು. ನೋಡಲು ಬಲು ಸೊಗಸು, ಆದರೆ ಸುಮಾರು 2 ಸೆಂ.ಮೀ. ಆಳದಾಚೆ ಕಾಣದು. ಅಯೋಡಿನ್ ಅಲರ್ಜಿ ಇದ್ದವರಿಗೆ ಬೇಡ. ಕ್ಯಾನ್ಸರ್ ಆಪರೇಷನ್ನಿನ ನಂತರದ ಬಾವಿಗೆ ತೊಡುವ ಬಿಗಿ ತೋಳುಚೀಲದ ಖರ್ಚನ್ನು ಇಲ್ಲಿ 2008ರಿಂದ ವಿಮೆಯೇ ಬಹುಪಾಲು ಕೊಡುತ್ತದೆ. ಅಮ್ಮನಿಗೆ ನಾನೇ ಕಳಿಸುತ್ತೇನೆ, ಅಳತೆ ಬೇಕು ಅಷ್ಟೆ.

ಅಳತೆ ಹೀಗೆ: ಮಣಿಕಟ್ಟಿನಿಂದ 4 ಸೆಂ.ಮೀ.ಗೊಂದು ಗುರುತು, ಎರಡೂ ಕೈ, ಬೆಳಗ್ಗೆ ಒಂದೇ ಹೊತ್ತಿಗೆ, ಟೇಪು ಬಿಗಿಯದೆ. ಎಲ್ಲಾದರೂ 2 ಸೆಂ.ಮೀ. ಮೀರಿ ವ್ಯತ್ಯಾಸವಿದ್ದರೆ ಗಮನಕ್ಕೆ ಬರಬೇಕಾದ ಬಾವು. ಹೆಬ್ಬೆರಳಿನಿಂದ ಒತ್ತಿ ನೋಡು. ಕುಳಿ ಉಳಿದರೆ ನೀರು, ಪಟ್ಟಿ ಕಟ್ಟಿದರೆ ಇಳಿಯುತ್ತದೆ. ಕುಳಿ ಬೀಳದೆ ಗಟ್ಟಿಯಿದ್ದರೆ ಕೊಬ್ಬು, ನಾರು ಸೇರಿರಬಹುದು, ಅದು ಪಟ್ಟಿಗೆ ಬಗ್ಗದು. ಅನುಮಾನ ಬಂದರೆ ಎಂಆರ್‌ಐ ಕೇಳು. ಕೊಬ್ಬಿನ ಹೊಳಪು ಅಡಗಿಸಿ ತೆಗೆದ ಚಿತ್ರದಲ್ಲಿ ನೀರು ಜೇನುಗೂಡಿನ ಹಾಗೆ ಬೆಳ್ಳಗೆ ಕಾಣುತ್ತದೆ.

ಎಡಗೈ ಬಳೆ, ಉಂಗುರ ಇವತ್ತೇ ತೆಗೆಸು, ಇನ್ನೂ ಬಾತರೆ ಕತ್ತರಿಸಬೇಕಾಗುತ್ತದೆ. ಅಮ್ಮನಿಗೆ ಹೇಳು, ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ. ದುಡ್ಡಿನ ಚಿಂತೆ ನನಗೆ ಬಿಡು. ರಿಪೋರ್ಟಿನ ಎಲ್ಲ ಪುಟ ಫೋಟೋ ತೆಗೆದು ಕಳಿಸು, ಚಿತ್ರಗಳ ಸಿಡಿ ಕೇಳಿ ಇಟ್ಟುಕೋ. ಡ್ಯೂಟಿಗೆ ಹೊತ್ತಾಯಿತು, ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ತಮ್ಮ